ತಿದ್ದಿ ಕಲಿತ ಚಿತ್ರಕಾರ ವ್ಯಾನ್ ಗೋ

ಮರಳಿನ ಮೇಲೆ ಗುರುವು ಬರೆದ ಅಕ್ಷರವನ್ನೇ ಮತ್ತೆ ಮತ್ತೆ ತಿದ್ದಿ ನಮ್ಮ ಹಿರಿಯರು ಬರೆಹ ಕಲಿತರು. ಚಿತ್ರಕಲೆಯಲ್ಲಿ ಹಾಗೆ ಮಾಡಿದರೆ ಮಾತ್ರ ಅದನ್ನು ನಕಲೆಂದು ಹಳಿಯುವವರುಂಟು. ಅಂಥವರು ವಿನ್ಸೆಂಟ್ ವ್ಯಾನ್ ಗೋನ ಬಾಳನ್ನೊಮ್ಮೆ ನೋಡುವುದು ಲೇಸು.

ಹಾಲೆಂಡಿನ ಜುಂಡರ್ಟ್ ಗ್ರಾಮದಲ್ಲಿ 1853ರ ಮಾರ್ಚ್ 30ರಂದು ಪಾದ್ರಿಯೊಬ್ಬರ ಮಗನಾಗಿ ಆತನು ಜನಿಸಿದನು. ಹದಿನಾರನೆಯ ವಯಸ್ಸಿನಲ್ಲಿ ಚಿತ್ರಗಳ ವ್ಯಾಪಾರ ಸಂಸ್ಥೆಯೊಂದನ್ನು ಸೇರಿ, 1876ರಲ್ಲಿ ಆ ಕೆಲಸವನ್ನು ಕಳೆದುಕೊಂಡನು. ಬಳಿಕ ಬೆಲ್ಜಿಯಮ್ಮಿನ ಕಲ್ಲಿದ್ದಲ ಗಣಿಗಳ ಬಡವರ ನಡುವೆ ಧರ್ಮಬೋಧಕನಾದನು, ಅದೂ ಕೈಬಿಟ್ಟಿತು. ಚಿತ್ರಕಾರನಾಗುವೆನೆಂದು 1880ರಲ್ಲಿ ನಿಶ್ಚಯಿಸಿದಾಗ ಆತನಿಗೆ 27 ವರ್ಷ. ಮುಂದೆ ಅನ್ನಕ್ಕೂ ಬಣ್ಣಕ್ಕೂ ತಮ್ಮನಾದ ಥಿಯೋ ಕಳುಹಿಸುತ್ತಿದ್ದ ಹಣವೇ ಆಧಾರವಾಯಿತು.

ಆತನು ಬಾರ್ಗ್ ಎಂಬವನ ಚಿತ್ರಪಾಠದ ಹಾಳೆಗಳನ್ನೂ, ಹೊಲದ ದುಡಿಮೆಯನ್ನು ಚಿತ್ರಿಸಿದ ಫ್ರೆಂಚ್ ಕಲಾವಿದ ಮಿಲೆಯ ಕೃತಿಗಳ ಅಚ್ಚುಪ್ರತಿಗಳನ್ನೂ ಮುಂದಿಟ್ಟುಕೊಂಡು ತಿದ್ದಿದನು. ನ್ಯೂನೆನ್ ಗ್ರಾಮದ ರೈತರ ಮುಖಗಳನ್ನು ಹತ್ತಾರು ಬಾರಿ ಬರೆದ ಅನಂತರವೇ, 1885ರಲ್ಲಿ, ಆಲೂಗಡ್ಡೆ ಉಣ್ಣುವ ಬಡ ಕುಟುಂಬದ ಪ್ರಸಿದ್ಧ ಚಿತ್ರವನ್ನು ರಚಿಸಿದನು.

1889ರಲ್ಲಿ ಮನೋವ್ಯಾಧಿಯಿಂದ ಬಳಲಿ ಫ್ರಾನ್ಸಿನ ಸೇಂಟ್ ರೆಮಿಯ ಆಸ್ಪತ್ರೆಯನ್ನು ಸೇರಿದಾಗಲೂ ಆತನು ಮಿಲೆಯನ್ನೇ ಆಶ್ರಯಿಸಿದನು. ಅಲ್ಲಿ ಮಿಲೆಯ ಸುಮಾರು ಇಪ್ಪತ್ತು ಕೃತಿಗಳನ್ನು ಪುನಃ ರಚಿಸಿದನು. ಮುಂದಿದ್ದವು ಕಪ್ಪು ಬಿಳುಪಿನ ಪ್ರತಿಗಳು; ಬಣ್ಣವೆಲ್ಲ ಆತನದೇ. ವಾಗ್ಗೇಯಕಾರನ ಕೃತಿಯನ್ನು ಗಾಯಕನು ತನ್ನ ಮನೋಧರ್ಮದಿಂದ ಹಾಡುವಂತಹ ಕಾರ್ಯವದು.

1890ರ ಮೇ ತಿಂಗಳಲ್ಲಿ ಪ್ಯಾರಿಸ್ಸಿನ ಬಳಿಯ ಓವೆರ್ ಗ್ರಾಮಕ್ಕೆ ಬಂದು, ಸುಮಾರು ಎಪ್ಪತ್ತು ದಿನಗಳಲ್ಲಿ ಎಪ್ಪತ್ತರಷ್ಟು ಚಿತ್ರಗಳನ್ನು ಬರೆದನು. ಅವುಗಳಲ್ಲೊಂದು ಆ ಊರಿನ ಬೀದಿಯ ದೃಶ್ಯ. ಜೋಡಿಯಾಗಿ ನಡೆಯುವ ಸ್ತ್ರೀಯರು, ಮೆಟ್ಟಿಲಿಳಿಯುವ ಮುದುಕ; ದಾರಿಯೂ ಗೋಡೆಯೂ ಅಲೆಯಂತೆ ಬಳುಕುತ್ತವೆ. ಜುಲೈ 29ರಂದು, ಗುಂಡಿನ ಗಾಯದಿಂದ, 37ನೆಯ ವಯಸ್ಸಿನಲ್ಲಿ ಆತನು ತೀರಿಕೊಂಡನು. ಆರು ತಿಂಗಳೊಳಗೆ ಥಿಯೋ ಸಹ ಅಣ್ಣನನ್ನು ಹಿಂಬಾಲಿಸಿದನು. ಬದುಕಿದ್ದಾಗ ಮಾರಾಟವಾದ ಚಿತ್ರಗಳು ಅತಿ ವಿರಳ.

1905ರಲ್ಲಿ ಜರ್ಮನಿಯ ಡ್ರೆಸ್ಡೆನ್ ನಗರದಲ್ಲಿ ಆತನ ಚಿತ್ರಗಳ ಪ್ರದರ್ಶನ ನಡೆಯಿತು. ಕಂಡದ್ದಕ್ಕಿಂತ ಮನಸ್ಸಿಗಾದುದನ್ನೇ ಬರೆಯಬೇಕೆಂಬ ಅಭಿವ್ಯಕ್ತಿ ಪಂಥದ ತರುಣರಿಗೆ ಆತನೇ ದಾರಿದೀಪವಾದನು.

ಇಂದು ಕಲಿಯುವವರು ಓವೆರ್ ಬೀದಿಯನ್ನು ಮುಂದಿಟ್ಟುಕೊಂಡು ತಿದ್ದುವುದುಂಟು. ಮೊದಲು ರೇಖೆಯ ಓಟವನ್ನು ಕೈ ಅರಿಯಲಿ. ಆ ಮೇಲೆ ಬಣ್ಣವನ್ನು ತಮ್ಮ ಮನಸ್ಸಿನಿಂದ ತುಂಬಲಿ. ಮನೆಯ ಮಕ್ಕಳು ಚಿತ್ರವೊಂದನ್ನು ನೋಡಿ ಬರೆಯುತ್ತಿದ್ದರೆ ನಮ್ಮ ವಾಚಕರು ಗದರಿಸದಿರಲಿ. ಇನ್ನೊಂದು ಹಾಳೆಯನ್ನು ತಂದುಕೊಡಲಿ.