ಪರಿಯ ಕಥೆಯನ್ನು ತೆರೆಗೆ ತಂದ ಫಾತ್ಮಾ ಬೇಗಂ

ಭಾರತದ ಮೊದಲ ಮಹಿಳಾ ಚಿತ್ರ ನಿರ್ದೇಶಕಿ ಯಾರು? ಗೆಳತಿಯರನ್ನು ಕೇಳಿದೆ, ಯಾರೂ ಹೇಳಲಿಲ್ಲ. ಸ್ವಲ್ಪ ದಿನದ ಹಿಂದೆ ನನಗೂ ಗೊತ್ತಿರಲಿಲ್ಲ. ಅವರ ಹೆಸರು ಫಾತ್ಮಾ ಬೇಗಂ.

ಅವರು ಹುಟ್ಟಿದ್ದು 1892ರಲ್ಲಿ, ನಮ್ಮ ಮನೆಯಂತೆಯೇ ಉರ್ದು ಮಾತನಾಡುವ ಮುಸ್ಲಿಂ ಕುಟುಂಬದಲ್ಲಿ. ಮೊದಲು ಉರ್ದು ನಾಟಕಗಳಲ್ಲಿ ಅಭಿನಯಿಸಿದರು. ಆಗ ಹೆಣ್ಣಿನ ಪಾತ್ರಗಳನ್ನು ಹೆಚ್ಚಾಗಿ ಗಂಡಸರೇ ಮಾಡುತ್ತಿದ್ದರು. ಹೆಣ್ಣುಮಕ್ಕಳು ಕ್ಯಾಮೆರಾ ಮುಂದೆ ನಿಲ್ಲುವುದನ್ನು ಸಮಾಜ ಒಪ್ಪುತ್ತಿರಲಿಲ್ಲ. ಆದರೂ 1922ರಲ್ಲಿ ‘ವೀರ ಅಭಿಮನ್ಯು’ ಎಂಬ ಮೂಕಿಚಿತ್ರದಲ್ಲಿ ಅವರು ನಟಿಸಿದರು. ಅವರ ಮಕ್ಕಳಾದ ಜುಬೇದಾ, ಸುಲ್ತಾನಾ, ಶಹಜಾದಿ ಮೂವರೂ ನಟಿಯರಾದರು.

1924ರಲ್ಲಿ ಕಾಂಜಿಭಾಯಿ ರಾಠೋಡ್ ‘ಗುಲ್-ಎ-ಬಕಾವಲಿ’ ಚಿತ್ರ ಮಾಡಿದಾಗ ತಾಯಿ ಮಗಳು ಇಬ್ಬರೂ ಅದರಲ್ಲಿದ್ದರು. ಈ ಕಥೆ ನನಗೆ ನಾನಿಯ ಬಾಯಿಂದಲೇ ಗೊತ್ತು. ತಂದೆಯ ಕುರುಡು ಹೋಗಲೆಂದು ರಾಜಕುಮಾರ ತಾಜುಲ್‌ಮುಲುಕ್ ಪರಿಯ ತೋಟದ ಹೂವನ್ನು ಹುಡುಕಿ ಹೊರಡುತ್ತಾನೆ. ಮುಂದೆ ಇಂದ್ರನ ಶಾಪದಿಂದ ಆ ಪರಿಯ ಅರ್ಧ ದೇಹ ಕಲ್ಲಾಗುತ್ತದೆ. ಇದನ್ನು ಉರ್ದು ಮಸ್ನವಿಯಾಗಿ ಬರೆದು ಹೆಸರಾದವರು ಲಖನೌದ ಕಾಶ್ಮೀರಿ ಪಂಡಿತ ದಯಾಶಂಕರ ನಸೀಮ್. ಪರಿಯೂ ಇಂದ್ರನೂ ಒಂದೇ ಕಾವ್ಯದಲ್ಲಿ!

ಮೂಕಿಚಿತ್ರದಲ್ಲಿ ಕವಿಯ ಮಾತು ಕೇಳಿಸುವುದಿಲ್ಲ. ಎಲ್ಲವನ್ನೂ ಕಣ್ಣಿಗೇ ಕಾಣಿಸಬೇಕು. ಕ್ಯಾಮೆರಾ ನಿಲ್ಲಿಸಿ, ನಟಿಯನ್ನು ಪಕ್ಕಕ್ಕೆ ಸರಿಸಿ, ಮತ್ತೆ ತಿರುಗಿಸಿದರೆ ಆಕೆ ಮಾಯವಾದಂತೆ ಕಾಣುತ್ತಿತ್ತು. ಒಂದೇ ಫಿಲ್ಮಿನ ಮೇಲೆ ಎರಡು ಸಲ ಚಿತ್ರ ತೆಗೆದರೆ ಪರಿ ನೆರಳಿನಂತೆ ತೇಲುತ್ತಿದ್ದಳು.

1926ರಲ್ಲಿ ಫಾತ್ಮಾ ಬೇಗಂ ಸ್ವಂತ ಕಂಪನಿ ‘ಫಾತ್ಮಾ ಫಿಲ್ಮ್ಸ್’ ಆರಂಭಿಸಿದರು. ವಾಣಿಜ್ಯ ವಿದ್ಯಾರ್ಥಿನಿಯಾದ ನನಗೆ ಇದೇ ದೊಡ್ಡ ಸಾಹಸ ಅನಿಸುತ್ತದೆ. ನಟಿಗೆ ಸಂಬಳ ಬರುತ್ತದೆ. ಮಾಲೀಕಳಾದರೆ ನಷ್ಟವೂ ಅವಳದೇ. ಅದೇ ವರ್ಷ ಪರಿಗಳ ಲೋಕದ ‘ಬುಲ್ಬುಲ್-ಎ-ಪರಿಸ್ತಾನ್’ ನಿರ್ದೇಶಿಸಿದರು. 1928ರಲ್ಲಿ, ವಾರಿಸ್ ಶಾಹ್ ಅವರ ಪಂಜಾಬಿ ಕಾವ್ಯದಿಂದ ಮನೆಮಾತಾಗಿದ್ದ ಹೀರ್ ರಾಂಝಾ ಕಥೆಯನ್ನು ತೆರೆಗೆ ತಂದರು. 1931ರಲ್ಲಿ ಮೊದಲ ಭಾರತೀಯ ವಾಕ್ಚಿತ್ರ ‘ಆಲಂ ಆರಾ’ಗೆ ಮಗಳು ಜುಬೇದಾ ನಾಯಕಿಯಾದರು. ಅದೇ ದಶಕದಲ್ಲಿ ನಮ್ಮ ಬೀಳಗಿಯ ಅಮೀರ್‌ಬಾಯಿ ಕರ್ನಾಟಕಿ ಕೂಡ ಮುಂಬೈ ಸಿನಿಮಾ ಸೇರಿದರು.

ಫಾತ್ಮಾ ಬೇಗಂ 1983ರಲ್ಲಿ ತೀರಿಕೊಂಡರು. ‘ಬುಲ್ಬುಲ್-ಎ-ಪರಿಸ್ತಾನ್’ ಇಂದು ನೋಡಲು ಸಿಗುವುದಿಲ್ಲ. ಆ ಕಾಲದ ನೈಟ್ರೇಟ್ ಫಿಲ್ಮ್ ಬೇಗ ಬೆಂಕಿ ಹಿಡಿಯುತ್ತಿತ್ತು, ಕಾಪಾಡದಿದ್ದರೆ ಪುಡಿಯಾಗುತ್ತಿತ್ತು. ಒಳಗಿನ ಬೆಳ್ಳಿಗಾಗಿ ಹಳೆಯ ಫಿಲ್ಮುಗಳನ್ನು ಕರಗಿಸಿದ್ದೂ ಉಂಟು. ಹಿನ್ನೀರಿನಲ್ಲಿ ಮುಳುಗಿದ ಹಳೇ ಬಾಗಲಕೋಟೆಯ ಓಣಿಗಳಂತೆ ಆ ಚಿತ್ರಗಳೂ ನೆನಪಿನಲ್ಲಷ್ಟೇ ಉಳಿದಿವೆ.

ಈ ವಿಷಯ ನಾನಿಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಬಕಾವಲಿಯ ಕಥೆಯನ್ನು ಮೊದಲಿನಿಂದ ಮತ್ತೆ ಹೇಳಿದರು. ಈ ಸಲ ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ನೀವೂ ನಿಮ್ಮ ಮನೆಯ ಹಿರಿಯರನ್ನು ಕೇಳಿ, ಬರೆದಿಡಿ.