ಕ್ಷಮೆ ಕೇಳದ ಬೌಲರ್

ಇಷ್ಟದ ಫಾಸ್ಟ್ ಬೌಲರ್ ಯಾರು ಅಂದರೆ ನಾನು ಹೆರಾಲ್ಡ್ ಲಾರ್ವುಡ್ ಎನ್ನುತ್ತೇನೆ. ಕಾಲೇಜು ಟೀಮಿನ ಗೆಳೆಯರು ಯಾರಪ್ಪಾ ಅದು ಎಂಬಂತೆ ನೋಡುತ್ತಾರೆ. ಬಾಡಿಲೈನ್ ಅಂದ ಕೂಡಲೇ, ಓ, ಬ್ಯಾಟ್ಸ್‌ಮನ್‌ಗಳ ಮೈಗೆ ಹೊಡೀತಿದ್ದವನಾ ಅನ್ನುತ್ತಾರೆ. 90 ವರ್ಷ ದಾಟಿದರೂ ಆತನಿಗೆ ಅಂಟಿರುವ ಹೆಸರು ಅದೊಂದೇ.

ಲಾರ್ವುಡ್ ಹುಟ್ಟಿದ್ದು 1904ರಲ್ಲಿ, ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ಶೈರ್‌ನ ಒಂದು ಹಳ್ಳಿಯಲ್ಲಿ. ಅಪ್ಪ ಕಲ್ಲಿದ್ದಲು ಗಣಿಯ ಕಾರ್ಮಿಕ. ಮಗನೂ 14ನೇ ವಯಸ್ಸಿಗೆ ಶಾಲೆ ಬಿಟ್ಟು ಗಣಿಯಲ್ಲಿ ಕುದುರೆ ನೋಡಿಕೊಳ್ಳುವ ಕೆಲಸಕ್ಕೆ ಸೇರಿದ. ಫಾಸ್ಟ್ ಬೌಲರ್‌ಗೆ ಇರಬೇಕಾದಷ್ಟು ಎತ್ತರವೇನೂ ಇರಲಿಲ್ಲ, ಐದಡಿ ಎಂಟಂಗುಲದ ಆಸುಪಾಸು. ಆದರೂ ಚೆಂಡು ಗುಂಡಿನಂತೆ ಹೋಗುತ್ತಿತ್ತು. 1926ರಲ್ಲಿ ಲಾರ್ಡ್ಸ್‌ನಲ್ಲಿ ಆಡಿದ ಮೊದಲ ಟೆಸ್ಟ್ ಕೂಡ ಆಸ್ಟ್ರೇಲಿಯಾ ವಿರುದ್ಧವೇ.

1930ರಲ್ಲಿ ಆಸ್ಟ್ರೇಲಿಯಾ ತಂಡ ಇಂಗ್ಲೆಂಡಿಗೆ ಬಂದು ಆ್ಯಷಸ್ ಗೆದ್ದುಕೊಂಡು ಹೋಯಿತು. ಐದು ಟೆಸ್ಟ್‌ಗಳಲ್ಲಿ ಡಾನ್ ಬ್ರಾಡ್ಮನ್ ಬಾರಿಸಿದ್ದು 974 ರನ್. ಒಂದು ಸರಣಿಯಲ್ಲಿ ಅಷ್ಟು ರನ್ ಇವತ್ತಿಗೂ ಯಾರೂ ಮಾಡಿಲ್ಲ. ಈ ಹುಡುಗನನ್ನು ಕಟ್ಟಿಹಾಕುವುದು ಹೇಗೆ ಎಂಬುದೇ ಇಂಗ್ಲೆಂಡಿನ ತಲೆನೋವಾಯಿತು. 1932ರ ಕೊನೆಗೆ ತಂಡ ಹಡಗಿನಲ್ಲಿ ಆಸ್ಟ್ರೇಲಿಯಾ ತಲುಪಿದಾಗ ಕ್ಯಾಪ್ಟನ್ ಡಗ್ಲಸ್ ಜಾರ್ಡೀನ್ ಬಳಿ ಒಂದು ಯೋಜನೆ ಇತ್ತು. (ಈತ ಹುಟ್ಟಿದ್ದು ನಮ್ಮ ಬಾಂಬೆಯಲ್ಲಿ!) ಲೆಗ್ ಸೈಡಿನಲ್ಲಿ ಫೀಲ್ಡರ್‌ಗಳನ್ನು ಗುಂಪಾಗಿ ನಿಲ್ಲಿಸಿ, ಮೈಮೇಲೆ ಏರಿಬರುವ ಶಾರ್ಟ್ ಪಿಚ್ ಎಸೆತ ಹಾಕುವುದು. ತಪ್ಪಿಸಿಕೊಳ್ಳಲು ಬ್ಯಾಟ್ ಅಡ್ಡ ತಂದರೆ ಕ್ಯಾಚ್, ತರದಿದ್ದರೆ ಪಕ್ಕೆಗೆ ಏಟು. ಆಗ ಹೆಲ್ಮೆಟ್ ಬೇರೆ ಇಲ್ಲ. ನೆಟ್ಸ್‌ನಲ್ಲಿ ಒಮ್ಮೆ ಪಕ್ಕೆಗೆ ಚೆಂಡು ತಿಂದವರಿಗೆ ಇದರ ಅರ್ಥ ಗೊತ್ತು. ಇದಕ್ಕೆ ಬರೀ ವೇಗ ಸಾಲದು, ಕರಾರುವಾಕ್ ಗುರಿಯೂ ಬೇಕು. ಎರಡೂ ಇದ್ದವನು ಲಾರ್ವುಡ್.

ಅಡಿಲೇಡ್ ಟೆಸ್ಟ್‌ನಲ್ಲಿ ಆತನ ಎಸೆತ ಆಸ್ಟ್ರೇಲಿಯಾ ಕ್ಯಾಪ್ಟನ್ ವುಡ್‌ಫುಲ್ ಎದೆಗೆ ಬಡಿಯಿತು. ಕೀಪರ್ ಓಲ್ಡ್‌ಫೀಲ್ಡ್ ತಲೆಬುರುಡೆ ಬಿರುಕು ಬಿಟ್ಟಿತು. ಆ ಎಸೆತದ ಹೊತ್ತಿಗೆ ಫೀಲ್ಡಿಂಗ್ ಮಾಮೂಲಿಯಾಗಿಯೇ ಇತ್ತು, ತಪ್ಪು ಬೌಲರ್‌ನದಲ್ಲ ಎಂದು ಸ್ವತಃ ಓಲ್ಡ್‌ಫೀಲ್ಡ್ ಹೇಳಿದ. ಆದರೆ ಸಿಟ್ಟಿಗೆದ್ದ ಜನ ಕೇಳಬೇಕಲ್ಲ! ಎರಡೂ ಮಂಡಳಿಗಳ ನಡುವೆ ಟೆಲಿಗ್ರಾಂಗಳು ಓಡಾಡಿದವು, ಜಗಳ ಸರ್ಕಾರಗಳ ಮಟ್ಟಕ್ಕೆ ಹೋಯಿತು. ಇಂಗ್ಲೆಂಡ್ 4–1ರಿಂದ ಗೆದ್ದಿತು. ಲಾರ್ವುಡ್‌ಗೆ 33 ವಿಕೆಟ್. ಸಿಡ್ನಿಯ ಕೊನೆಯ ಟೆಸ್ಟ್‌ನಲ್ಲಿ ಆತ 98 ರನ್ ಹೊಡೆದಾಗ ಅಲ್ಲಿನವರೇ ಚಪ್ಪಾಳೆ ತಟ್ಟಿದರು. ಅದೇ ಪಂದ್ಯದಲ್ಲಿ ಪಾದದ ಮೂಳೆ ಮುರಿಯಿತು. ಬ್ರಾಡ್ಮನ್ ಔಟಾಗುವವರೆಗೂ ಜಾರ್ಡೀನ್ ಆತನನ್ನು ಮೈದಾನ ಬಿಡಲು ಬಿಡಲಿಲ್ಲ.

ಊರಿಗೆ ಮರಳಿದ ಮೇಲೆ ಗಾಳಿ ತಿರುಗಿತು. 1934ಕ್ಕೆ ಆಸ್ಟ್ರೇಲಿಯಾ ಮತ್ತೆ ಬರಬೇಕು, ಸಂಬಂಧ ಸರಿಹೋಗಬೇಕು. ಕ್ಷಮೆ ಕೇಳು ಎಂದು ಲಾರ್ವುಡ್‌ಗೆ ಹೇಳಲಾಯಿತು. ಕ್ಯಾಪ್ಟನ್ ಹೇಳಿದಂತೆ ಬೌಲ್ ಮಾಡಿದ್ದಕ್ಕೆ ಕ್ಷಮೆ ಏಕೆ ಎಂದು ಆತ ಒಪ್ಪಲಿಲ್ಲ. 28ನೇ ವಯಸ್ಸಿನಲ್ಲಿ ಸಿಡ್ನಿಯಲ್ಲಿ ಆಡಿದ್ದೇ ಆತನ ಕೊನೆಯ ಟೆಸ್ಟ್. ಒಟ್ಟು 21 ಟೆಸ್ಟ್, 78 ವಿಕೆಟ್. ಯೋಜನೆ ಮಾಡಿದ ಜಾರ್ಡೀನ್ ಮಾತ್ರ ಅದೇ 1933ರ ಚಳಿಗಾಲದಲ್ಲಿ ಕ್ಯಾಪ್ಟನ್ ಆಗಿಯೇ ಭಾರತಕ್ಕೆ ಬಂದ. ನಮ್ಮ ನೆಲದ ಮೊದಲ ಟೆಸ್ಟ್ ನಡೆದದ್ದು ಆಗಲೇ.

ನನಗೆ ಹೆಚ್ಚು ಕಾಡುವುದು ಗಬ್ಬಿ ಆ್ಯಲನ್ ಕಥೆ. ಆತನೂ ಅದೇ ತಂಡದ ಬೌಲರ್, ಆದರೆ ಹಾಗೆ ಬೌಲ್ ಮಾಡುವುದಿಲ್ಲ ಎಂದುಬಿಟ್ಟ. ಒಳ್ಳೆಯ ನಿಲುವೇ. ಆದರೆ ಆತ ಸಂಬಳ ಪಡೆಯದ ಅಮೆಚೂರ್, ದೊಡ್ಡವರ ವಲಯದವನು. ಕ್ಯಾಪ್ಟನ್‌ಗೆ ಇಲ್ಲ ಅಂದರೂ ಅನ್ನ ಹೋಗುತ್ತಿರಲಿಲ್ಲ. ಮುಂದಿನ ಆಸ್ಟ್ರೇಲಿಯಾ ಪ್ರವಾಸಕ್ಕೆ ಆತನೇ ಕ್ಯಾಪ್ಟನ್ ಆದ. ಗಣಿಯಿಂದ ಬಂದ ಸಂಬಳದ ಆಟಗಾರನಿಗೆ ಇಲ್ಲ ಅನ್ನುವ ಅವಕಾಶ ಎಷ್ಟಿತ್ತು?

ಲಾರ್ವುಡ್ 1938ರವರೆಗೆ ಕೌಂಟಿ ಆಡಿದ. ಆಮೇಲೆ ಬ್ಲ್ಯಾಕ್‌ಪೂಲ್‌ನಲ್ಲಿ ಮಿಠಾಯಿ ಅಂಗಡಿ ಇಟ್ಟ. 1950ರಲ್ಲಿ ಹೆಂಡತಿ, ಐದು ಹೆಣ್ಣುಮಕ್ಕಳ ಜೊತೆ ಹಡಗು ಹತ್ತಿದ. ಹೋಗಿದ್ದು ಎಲ್ಲಿಗೆ? ಆಸ್ಟ್ರೇಲಿಯಾಕ್ಕೇ! 1932ರಲ್ಲಿ ತಂಡವನ್ನು ಕರೆದೊಯ್ದಿದ್ದ ಅದೇ ಒರಾಂಟಿಸ್ ಹಡಗು. ನೆರವಾದವನು ಜ್ಯಾಕ್ ಫಿಂಗಲ್‌ಟನ್, ಬಾಡಿಲೈನ್ ಎಸೆತಗಳ ಏಟು ತಿಂದ ಆಸ್ಟ್ರೇಲಿಯಾದ ಆರಂಭಿಕ ಆಟಗಾರ. ಸಿಡ್ನಿಯಲ್ಲಿ ತಂಪುಪಾನೀಯ ಕಂಪನಿಯೊಂದರಲ್ಲಿ ಕೆಲಸ ಸಿಕ್ಕಿತು. ಇಂಗ್ಲೆಂಡ್ ಸರ್ಕಾರ ಗೌರವ ಪದವಿ ಕೊಟ್ಟದ್ದು 1993ರಲ್ಲಿ, ಆತನಿಗೆ 88 ವರ್ಷವಾಗಿದ್ದಾಗ.

1995ರ ಜುಲೈನಲ್ಲಿ ಲಾರ್ವುಡ್ ಸಿಡ್ನಿಯಲ್ಲೇ ತೀರಿಕೊಂಡ. ಆ್ಯಷಸ್ ಗೆಲ್ಲಿಸಿಕೊಟ್ಟದ್ದಕ್ಕೆ ಜಾರ್ಡೀನ್ ಕೊಟ್ಟಿದ್ದ ಬೆಳ್ಳಿಯ ಆ್ಯಶ್‌ಟ್ರೇಯನ್ನು ಆತ ಜೋಪಾನವಾಗಿ ಇಟ್ಟುಕೊಂಡಿದ್ದ.