ದೊಡ್ಡ ಅಂಕಿಯ ಟಿವಿಯೇ ಒಳ್ಳೆಯ ಟಿವಿಯೇ? ಜಾನ್ ಲೋಗಿ ಬೇರ್ಡ್ ಬದುಕು ಹೇಳುವ ಉತ್ತರ

ಹಬ್ಬದ ಸೇಲ್ ಶುರುವಾಯಿತೆಂದರೆ ಮನೆಮಂದಿಯ ವಾಟ್ಸ್‌ಆಪ್ ಗುಂಪಿನಲ್ಲಿ ಟಿವಿ ಸಲಹೆಗಳೂ ಶುರುವಾಗುತ್ತವೆ. 4ಕೆಗಿಂತ 8ಕೆ ಮೇಲು, 60 ಹರ್ಟ್ಸ್‌ಗಿಂತ 120 ಮೇಲು, ದೊಡ್ಡ ಅಂಕಿ ಇರುವುದನ್ನು ಕಣ್ಣುಮುಚ್ಚಿ ತೆಗೆದುಕೊಳ್ಳಿ ಎನ್ನುವ ಫಾರ್ವರ್ಡ್ ನಿಮಗೂ ಬಂದಿರಬಹುದು. ಇನ್ನೊಂದು ಫಾರ್ವರ್ಡ್ ಇನ್ನೂ ಹಳೆಯದು: ಟಿವಿಯನ್ನು ಕಂಡುಹಿಡಿದವರು ಜಾನ್ ಲೋಗಿ ಬೇರ್ಡ್, ಅವರೊಬ್ಬರೇ.

ಎರಡರಲ್ಲೂ ಅರ್ಧ ಸತ್ಯ ಇದೆ. ಉಳಿದರ್ಧ ತಿಳಿಯಬೇಕಾದರೆ ಬೇರ್ಡ್ ಅವರ ಬದುಕಿನ ಕಥೆ ಓದಬೇಕು. ಯಾಕೆಂದರೆ 1936ರಲ್ಲಿ ಲಂಡನ್ನಿನಲ್ಲಿ ಎರಡು ಟಿವಿ ವ್ಯವಸ್ಥೆಗಳನ್ನು ವಾರ ಬಿಟ್ಟು ವಾರ ಹಾಕಿ ಹೋಲಿಸಿ ನೋಡಲಾಯಿತು. ಆ ಹೋಲಿಕೆಯಲ್ಲಿ ಸೋತವರು ಬೇರ್ಡ್. ಯಾಕೆ ಸೋತರು ಎಂಬುದು ಇವತ್ತು ಶೋರೂಮಿನಲ್ಲಿ ನಿಲ್ಲುವ ನಮಗೂ ಉಪಯೋಗಕ್ಕೆ ಬರುವ ವಿಷಯ.

ಕಾಲುಚೀಲ, ಜಾಮ್, ಸೋಪು

ಬೇರ್ಡ್ ಹುಟ್ಟಿದ್ದು 1888ರ ಆಗಸ್ಟ್ 13ರಂದು, ಸ್ಕಾಟ್ಲೆಂಡಿನ ಹೆಲೆನ್ಸ್‌ಬರ್ಗ್ ಎಂಬ ಕಡಲತಡಿಯ ಊರಿನಲ್ಲಿ. ತಂದೆ ಚರ್ಚಿನ ಪಾದ್ರಿ. ಹುಡುಗನಿಗೆ ಚಿಕ್ಕಂದಿನಿಂದಲೂ ಆರೋಗ್ಯ ಅಷ್ಟಕ್ಕಷ್ಟೇ, ಆದರೆ ಕೈ ಮಾತ್ರ ಸುಮ್ಮನಿರುತ್ತಿರಲಿಲ್ಲ. ಗೆಳೆಯರ ಮನೆಗಳಿಗೆ ತಂತಿ ಎಳೆದು ತನ್ನದೇ ಪುಟ್ಟ ಟೆಲಿಫೋನ್ ವ್ಯವಸ್ಥೆ ಮಾಡಿಕೊಂಡಿದ್ದ.

ಗ್ಲಾಸ್ಗೋದಲ್ಲಿ ಎಂಜಿನಿಯರಿಂಗ್ ಓದುತ್ತಿದ್ದಾಗ ಮೊದಲನೇ ಮಹಾಯುದ್ಧ ಬಂತು. ಸೈನ್ಯಕ್ಕೆ ಸೇರಲು ದೇಹ ಸಾಲದೆಂದು ಅವರನ್ನು ವಾಪಸು ಕಳಿಸಿದರು. ಆಮೇಲೆ ವಿದ್ಯುತ್ ಕಂಪನಿಯೊಂದರಲ್ಲಿ ಕೆಲಸ. ಅದು ಬೇಸರವಾಗಿ ವ್ಯಾಪಾರಕ್ಕೆ ಇಳಿದರು. ಪಾದ ಬೆಚ್ಚಗಿಡುವ ಒಳಗಾಲುಚೀಲ ಮಾರಿ ಒಂದಷ್ಟು ದುಡ್ಡು ಮಾಡಿದರು. ಟ್ರಿನಿಡಾಡ್ ದ್ವೀಪಕ್ಕೆ ಹೋಗಿ ಹಣ್ಣಿನ ಜಾಮ್ ಮಾಡಲು ನೋಡಿದರೆ ಹುಳುಹುಪ್ಪಟೆಗಳು ಮುತ್ತಿಕೊಂಡವು. ಲಂಡನ್ನಿಗೆ ಬಂದು ಸೋಪು ಮಾರಿದರು. ಅಷ್ಟರಲ್ಲಿ ಆರೋಗ್ಯ ಪೂರ್ತಿ ಕೆಟ್ಟಿತು.

ಹಳೆಯ ಡಬ್ಬಿಗಳಿಂದ ಮೂಡಿದ ಚಿತ್ರ

1923ರಲ್ಲಿ ಚೇತರಿಸಿಕೊಳ್ಳಲೆಂದು ಹೇಸ್ಟಿಂಗ್ಸ್ ಎಂಬ ಸಮುದ್ರ ತೀರದ ಊರಿಗೆ ಹೋದ ಬೇರ್ಡ್, ದೂರದ ದೃಶ್ಯವನ್ನು ತಂತಿಯ ಮೂಲಕ ಕಳಿಸುವ ಪ್ರಯೋಗಕ್ಕೆ ಕೈಹಾಕಿದರು. ಈ ಯೋಚನೆ ಅವರದ್ದೇ ಆಗಿರಲಿಲ್ಲ. ಸುರುಳಿಯಾಕಾರದಲ್ಲಿ ತೂತುಗಳಿರುವ ತಟ್ಟೆಯನ್ನು ತಿರುಗಿಸಿ ದೃಶ್ಯವನ್ನು ಗೆರೆಗೆರೆಯಾಗಿ ಬಿಡಿಸಬಹುದು ಎಂದು ಜರ್ಮನಿಯ ಪಾಲ್ ನಿಪ್ಕೋ 1884ರಲ್ಲೇ ಪೇಟೆಂಟ್‌ಗೆ ಅರ್ಜಿ ಹಾಕಿದ್ದರು. ಅದನ್ನು ನಡೆಯುವಂತೆ ಮಾಡಿ ತೋರಿಸುವುದು ಬೇರ್ಡ್ ಹಟವಾಗಿತ್ತು.

ಕೈಯಲ್ಲಿ ಕಾಸಿಲ್ಲ. ಹಾಗಾಗಿ ಯಂತ್ರಕ್ಕೆ ಚಹಾ ಪೆಟ್ಟಿಗೆ, ಟೋಪಿಯ ಡಬ್ಬಿ, ಹೊಲಿಗೆ ಸೂಜಿ, ಸೈಕಲ್ ದೀಪದ ಮಸೂರ, ಅರಗು ಇವೇ ಸಾಮಗ್ರಿ. 1924ರಲ್ಲಿ ಸಾವಿರ ವೋಲ್ಟ್‌ಗೂ ಹೆಚ್ಚಿನ ಶಾಕ್ ಹೊಡೆದು, ಕೈಸುಟ್ಟುಕೊಂಡು ಬದುಕಿದ್ದೇ ಹೆಚ್ಚು. ಜಾಗ ಬಾಡಿಗೆಗೆ ಕೊಟ್ಟವರು ಖಾಲಿ ಮಾಡಿ ಎಂದರು.

ಲಂಡನ್ನಿನ ಸೋಹೋದಲ್ಲಿ, ಫ್ರಿತ್ ಬೀದಿಯ ಮಹಡಿಯೊಂದರಲ್ಲಿ ಕೆಲಸ ಮುಂದುವರಿಯಿತು. 1925ರ ಅಕ್ಟೋಬರ್ 2ರಂದು ಮಾತನಾಡುವ ಗೊಂಬೆಯ ತಲೆಯೊಂದರ ಚಿತ್ರ ಕಪ್ಪು-ಬಿಳುಪಿನ ಛಾಯೆಗಳ ಸಮೇತ ಪರದೆಯ ಮೇಲೆ ಮೂಡಿತು. ಬೇರ್ಡ್ ಕೆಳಗಿನ ಕಚೇರಿಗೆ ಓಡಿ ವಿಲಿಯಂ ಟೇಂಟನ್ ಎಂಬ ಹುಡುಗನನ್ನು ಕರೆತಂದು ಗೊಂಬೆಯ ಜಾಗದಲ್ಲಿ ಕೂರಿಸಿದರು. ದೀಪಗಳ ಕಾವಿಗೆ ಅವನು ಪಕ್ಕಕ್ಕೆ ಸರಿದುಬಿಟ್ಟಿದ್ದರಿಂದ, ಕೈಗೆ ಅಷ್ಟಿಷ್ಟು ಚಿಲ್ಲರೆ ಕೊಟ್ಟು ಮತ್ತೆ ಕೂರಿಸಬೇಕಾಯಿತು.

1926ರ ಜನವರಿ 26ರಂದು ರಾಯಲ್ ಇನ್‌ಸ್ಟಿಟ್ಯೂಷನ್ ಸದಸ್ಯರನ್ನು ಮಹಡಿಗೆ ಕರೆದು ಬೇರ್ಡ್ ತಮ್ಮ ಟಿವಿ ತೋರಿಸಿದರು. ಆ ಚಿತ್ರದಲ್ಲಿದ್ದದ್ದು ಬರೀ 30 ಗೆರೆಗಳು. ಇವತ್ತಿನ 4ಕೆ ಪರದೆಯಲ್ಲಿ 2160 ಸಾಲುಗಳಿರುತ್ತವೆ. ಆದರೂ ಅಲ್ಲಿದ್ದವರು ಅದು ಮನುಷ್ಯನ ಮುಖ ಎಂದು ಗುರುತಿಸಿದರು.

ಹಾಗಾದರೆ ಟಿವಿ ಕಂಡುಹಿಡಿದವರು ಬೇರ್ಡ್ ಒಬ್ಬರೇ? ಅಲ್ಲ. ಜಪಾನಿನಲ್ಲಿ ಕೆಂಜಿರೊ ತಕಯನಗಿ, ಅಮೆರಿಕದಲ್ಲಿ ಚಾರ್ಲ್ಸ್ ಜೆಂಕಿನ್ಸ್ ಅದೇ ವರ್ಷಗಳಲ್ಲಿ ಪ್ರಯೋಗ ನಡೆಸುತ್ತಿದ್ದರು. ತಿರುಗುವ ತಟ್ಟೆಯೇ ಇಲ್ಲದ ಎಲೆಕ್ಟ್ರಾನಿಕ್ ಕ್ಯಾಮೆರಾದಿಂದ ಫೈಲೊ ಫಾರ್ನ್ಸ್‌ವರ್ತ್ 1927ರಲ್ಲಿ ಚಿತ್ರ ಕಳಿಸಿದರು. ನಮ್ಮ ಮನೆಯ ಟಿವಿ ಬಂದದ್ದು ಈ ಎಲೆಕ್ಟ್ರಾನಿಕ್ ದಾರಿಯಿಂದ. ಗುರುತಿಸಬಹುದಾದ ಜೀವಂತ ಮುಖವನ್ನು ಸಾರ್ವಜನಿಕರ ಎದುರು ಟಿವಿಯಲ್ಲಿ ತೋರಿಸಿ, ಇದು ಸಾಧ್ಯ ಎಂದು ನಂಬಿಸಿದ ಹಿರಿಮೆ ಬೇರ್ಡ್ ಅವರದ್ದು.

ಮುಂದಿನ ವರ್ಷಗಳಲ್ಲಿ ಅವರು ಓಡಿದ ವೇಗ ನೋಡಿ. 1927ರಲ್ಲಿ ಟೆಲಿಫೋನ್ ತಂತಿಯ ಮೂಲಕ ಲಂಡನ್ನಿನಿಂದ ಸುಮಾರು 700 ಕಿಲೋಮೀಟರ್ ದೂರದ ಗ್ಲಾಸ್ಗೋಗೆ ಚಿತ್ರ ಕಳಿಸಿದರು. 1928ರಲ್ಲಿ ಅಟ್ಲಾಂಟಿಕ್ ದಾಟಿಸಿ ಅಮೆರಿಕಕ್ಕೆ. ಅದೇ ವರ್ಷ ಬಣ್ಣದ ಟಿವಿಯನ್ನೂ ತೋರಿಸಿದರು. 1929ರಲ್ಲಿ ಬಿಬಿಸಿ ಮೂಲಕ ಪ್ರಾಯೋಗಿಕ ಪ್ರಸಾರ ಆರಂಭವಾಯಿತು. ಅವರ ಕಂಪನಿಯ ಟೆಲಿವೈಸರ್ ಅಂಗಡಿಗೂ ಬಂತು.

ವಾರ ಬಿಟ್ಟು ವಾರ: ಹೋಲಿಕೆಯ ಮೂರು ತಿಂಗಳು

ಅಷ್ಟರಲ್ಲಿ ಎದುರಾಳಿ ಬಂದಾಗಿತ್ತು. ಮಾರ್ಕೋನಿ-ಇಎಂಐ ಕಂಪನಿಯಲ್ಲಿ ಐಸಾಕ್ ಶೋನ್‌ಬರ್ಗ್ ನೇತೃತ್ವದ ತಂಡ ಪೂರ್ತಿ ಎಲೆಕ್ಟ್ರಾನಿಕ್ ಟಿವಿ ಸಿದ್ಧಪಡಿಸಿತ್ತು. ಬೇರ್ಡ್ ಕಂಪನಿಯದು 240 ಗೆರೆ, ಇಎಂಐಯದು 405 ಗೆರೆ. ಯಾವುದು ಒಳ್ಳೆಯದು? ಸರ್ಕಾರ ನೇಮಿಸಿದ ಸಮಿತಿ ಕಾಗದದ ಮೇಲಿನ ಅಂಕಿ ನೋಡಿ ತೀರ್ಮಾನಿಸಲಿಲ್ಲ. ಎರಡನ್ನೂ ಬಿಬಿಸಿಯಲ್ಲಿ ಸರದಿಯಂತೆ ಪ್ರಸಾರ ಮಾಡಿ ನೋಡೋಣ ಎಂದಿತು.

1936ರ ನವೆಂಬರ್ 2ರಂದು ಲಂಡನ್ನಿನ ಅಲೆಕ್ಸಾಂಡ್ರಾ ಪ್ಯಾಲೇಸ್‌ನಿಂದ ಬಿಬಿಸಿ ಟಿವಿ ಸೇವೆ ಶುರುವಾಯಿತು. ಮೊದಲು ಯಾರದ್ದು ಎಂದು ನಾಣ್ಯ ಚಿಮ್ಮಿದರು, ಬೇರ್ಡ್ ಪಕ್ಷ ಗೆದ್ದಿತು. ಉದ್ಘಾಟನಾ ಕಾರ್ಯಕ್ರಮವನ್ನು ಬೇರ್ಡ್ ವ್ಯವಸ್ಥೆಯಲ್ಲಿ ಒಮ್ಮೆ, ಇಎಂಐ ವ್ಯವಸ್ಥೆಯಲ್ಲಿ ಇನ್ನೊಮ್ಮೆ ನಡೆಸಲಾಯಿತು. ಒಂದೇ ದೃಶ್ಯ, ಎರಡು ಯಂತ್ರ. ಹೋಲಿಕೆ ಎಂದರೆ ಹೀಗಿರಬೇಕು.

ನೋಡುವವರಿಗೆ ವ್ಯತ್ಯಾಸ ಕಂಡದ್ದು ಗೆರೆಗಳ ಲೆಕ್ಕದಲ್ಲಷ್ಟೇ ಅಲ್ಲ. ಬೇರ್ಡ್ ವ್ಯವಸ್ಥೆಯಲ್ಲಿ ಪರದೆ ಸೆಕೆಂಡಿಗೆ 25 ಬಾರಿ ಬೆಳಗುತ್ತಿದ್ದುದರಿಂದ ಕಣ್ಣಿಗೆ ಮಿಣುಕು ಕಾಣುತ್ತಿತ್ತು. ಇಎಂಐ ಮೊದಲು ಒಂದು ಬಿಟ್ಟು ಒಂದು ಗೆರೆ, ಆಮೇಲೆ ನಡುವೆ ಉಳಿದ ಗೆರೆ ಎಳೆಯುತ್ತಿತ್ತು. ಹಾಗಾಗಿ ಪರದೆ ಸೆಕೆಂಡಿಗೆ 50 ಬಾರಿ ಬೆಳಗಿ ಮಿಣುಕು ತಗ್ಗುತ್ತಿತ್ತು.

ಕ್ಯಾಮೆರಾದ ಕಷ್ಟ ಇನ್ನೂ ದೊಡ್ಡದು. ಬೇರ್ಡ್ ಸ್ಟುಡಿಯೋದಲ್ಲಿ ದೃಶ್ಯವನ್ನು ಮೊದಲು ಸಿನಿಮಾ ಫಿಲ್ಮಿನಲ್ಲಿ ಹಿಡಿದು, ಅಲ್ಲೇ ರಾಸಾಯನಿಕದ ತೊಟ್ಟಿಯಲ್ಲಿ ತೊಳೆದು, ಆಮೇಲೆ ಪ್ರಸಾರ ಮಾಡಬೇಕಿತ್ತು. ಒಂದು ನಿಮಿಷದ ಹತ್ತಿರ ತಡವಾಗುತ್ತಿತ್ತು. ಕ್ಯಾಮೆರಾ ಇದ್ದಲ್ಲಿಂದ ಕದಲುವಂತಿರಲಿಲ್ಲ. ಇಎಂಐಯ ಎಮಿಟ್ರಾನ್ ಕ್ಯಾಮೆರಾವನ್ನು ಚಕ್ರದ ಮೇಲೆ ತಳ್ಳಿಕೊಂಡು ಹೋಗಬಹುದಿತ್ತು, ತೋಟಕ್ಕೂ ಒಯ್ಯಬಹುದಿತ್ತು.

ಇದರ ಮೇಲೆ ಗಾಯಕ್ಕೆ ಬರೆ ಎಳೆದಂತೆ, ನವೆಂಬರ್ 30ರ ರಾತ್ರಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್‌ಗೆ ಬೆಂಕಿ ಬಿತ್ತು. ಬೇರ್ಡ್ ಕಂಪನಿಯ ಪ್ರಯೋಗಾಲಯಗಳು ಇದ್ದದ್ದು ಅಲ್ಲೇ. ಅವುಗಳ ಬಹುಭಾಗ ಸುಟ್ಟುಹೋಯಿತು. 1937ರ ಫೆಬ್ರವರಿ ಹೊತ್ತಿಗೆ ಬೇರ್ಡ್ ವ್ಯವಸ್ಥೆಯನ್ನು ಬಿಬಿಸಿ ಕೈಬಿಟ್ಟಿತು. ಹದಿಮೂರು ವರ್ಷದ ದುಡಿಮೆಗೆ ಮೂರೇ ತಿಂಗಳಲ್ಲಿ ತೀರ್ಪು ಬಂತು.

ಕೊಂಡವರ ಕಥೆ ನೆನಪಿಸಿಕೊಳ್ಳಿ. ಆಗ ಒಂದು ಟಿವಿಗೆ ಸುಮಾರು 100 ಪೌಂಡ್. ಆ ದುಡ್ಡಿಗೆ ಸಣ್ಣ ಫೋರ್ಡ್ ಕಾರೇ ಬರುತ್ತಿತ್ತು. ಎರಡೂ ಪ್ರಸಾರ ಹಿಡಿಯಲೆಂದು ಆ ಟಿವಿಗಳಲ್ಲಿ ಒಂದು ಸ್ವಿಚ್ ಇಟ್ಟಿದ್ದರು. ಅದರ ಅರ್ಧ ಭಾಗಕ್ಕೆ ಮೂರು ತಿಂಗಳಲ್ಲೇ ಕೆಲಸ ಇಲ್ಲದಾಯಿತು. 2010ರ ಸುಮಾರಿಗೆ ಭಾರಿ ಪ್ರಚಾರದೊಂದಿಗೆ ಬಂದು, 2017ರ ಹೊತ್ತಿಗೆ ದೊಡ್ಡ ಕಂಪನಿಗಳೇ ನಿಲ್ಲಿಸಿಬಿಟ್ಟ 3ಡಿ ಟಿವಿಯ ಕನ್ನಡಕಗಳು ಈಗ ಕೆಲವರ ಮನೆಯ ಡ್ರಾಯರ್‌ನಲ್ಲಿ ಬಿದ್ದಿರುವುದೂ ಇದೇ ಕಥೆ.

ಸೋತ ಮೇಲೂ ನಿಲ್ಲದ ಕೈ

ಬೇರ್ಡ್ ಮನೆ ಸೇರಿ ಕೂರಲಿಲ್ಲ. ದೊಡ್ಡ ಪರದೆ ಮತ್ತು ಬಣ್ಣದ ಬೆನ್ನು ಹತ್ತಿದರು. 1938ರಲ್ಲಿ ಲಂಡನ್ನಿನ ಡೊಮಿನಿಯನ್ ಚಿತ್ರಮಂದಿರದಲ್ಲಿ 12 ಅಡಿ ಅಗಲ, 9 ಅಡಿ ಎತ್ತರದ ಪರದೆಯ ಮೇಲೆ ಬಣ್ಣದ ಟಿವಿ ತೋರಿಸಿದರು. 1939ರಲ್ಲಿ ಯುದ್ಧ ಶುರುವಾದಾಗ ಬಿಬಿಸಿ ಟಿವಿ ನಿಂತುಹೋಯಿತು, ಬೇರ್ಡ್ ಕಂಪನಿಯೂ ಮುಳುಗಿತು. ಬಾಂಬು ಬೀಳುತ್ತಿದ್ದ ಲಂಡನ್ನಿನಲ್ಲಿ ಸ್ವಂತ ಖರ್ಚಿನಿಂದ ಪ್ರಯೋಗ ಮುಂದುವರಿಸಿದ ಅವರು, 1944ರಲ್ಲಿ ತಿರುಗುವ ತಟ್ಟೆಯಿಲ್ಲದ, ಪೂರ್ತಿ ಎಲೆಕ್ಟ್ರಾನಿಕ್ ಆದ ಟೆಲಿಕ್ರೋಮ್ ಎಂಬ ಬಣ್ಣದ ಪಿಕ್ಚರ್ ಟ್ಯೂಬ್ ಮಾಡಿ ತೋರಿಸಿದರು. ತಮ್ಮನ್ನು ಸೋಲಿಸಿದ ದಾರಿಯನ್ನೇ ಒಪ್ಪಿಕೊಂಡು ಅದರಲ್ಲಿ ಮುಂದೆ ಹೋದರು.

ಯುದ್ಧ ಮುಗಿದು ಬಿಬಿಸಿ ಟಿವಿ ಮತ್ತೆ ಶುರುವಾದದ್ದು 1946ರ ಜೂನ್ 7ರಂದು, ಅದೇ 405 ಗೆರೆಗಳಲ್ಲಿ. ಒಂದು ವಾರದ ನಂತರ, ಜೂನ್ 14ರಂದು, ಬೆಕ್ಸ್‌ಹಿಲ್ ಎಂಬ ಕಡಲತಡಿಯ ಊರಿನಲ್ಲಿ ಬೇರ್ಡ್ ತೀರಿಕೊಂಡರು. ಆಗ ಅವರಿಗೆ 57 ವರ್ಷ.

ಅಂಗಡಿಗೆ ಹೋಗುವ ಮುನ್ನ

ಅಲೆಕ್ಸಾಂಡ್ರಾ ಪ್ಯಾಲೇಸ್‌ನಲ್ಲಿ ಮಾಡಿದ ಹೋಲಿಕೆಯನ್ನು ನಾವು ಶೋರೂಮಿನಲ್ಲೂ ಮಾಡಬಹುದು.

1. ಸಾಲುಗಳ ಲೆಕ್ಕಕ್ಕೆ ಮೊದಲು ದೂರ ಅಳೆಯಿರಿ. ಆರೋಗ್ಯವಂತ ಕಣ್ಣು ಒಂದು ಡಿಗ್ರಿಯ 60ನೇ ಒಂದು ಭಾಗದಷ್ಟು ಸಣ್ಣದನ್ನು ಗುರುತಿಸಬಲ್ಲದು. ಈ ಲೆಕ್ಕದಲ್ಲಿ 55 ಇಂಚಿನ ಫುಲ್ ಎಚ್‌ಡಿ ಪರದೆಯ ಚುಕ್ಕೆಗಳು ಸುಮಾರು 7 ಅಡಿ ಆಚೆಯಿಂದ ಬೇರೆ ಬೇರೆಯಾಗಿ ಕಾಣುವುದಿಲ್ಲ. ನಿಮ್ಮ ಸೋಫಾ 9 ಅಡಿ ದೂರದಲ್ಲಿದ್ದರೆ, ಆ ಅಳತೆಯ ಟಿವಿಯಲ್ಲಿ 4ಕೆ ತರುವ ಹೆಚ್ಚಿನ ಚುಕ್ಕೆಗಳು ಬಹುತೇಕರ ಕಣ್ಣಿಗೆ ನಿಲುಕವು. 8ಕೆ ಮಾತಂತೂ ದೂರವೇ ಉಳಿಯಿತು.

2. ಗಾತ್ರದ ವ್ಯತ್ಯಾಸ ಅಂದುಕೊಂಡದ್ದಕ್ಕಿಂತ ದೊಡ್ಡದು. ಇಂಚು ಅಳೆಯುವುದು ಮೂಲೆಯಿಂದ ಮೂಲೆಗೆ. 55ರಿಂದ 65 ಇಂಚಿಗೆ ಹೋದರೆ ಪರದೆಯ ವಿಸ್ತೀರ್ಣ ಸುಮಾರು 40 ಶೇಕಡಾ ಹೆಚ್ಚುತ್ತದೆ. ಗೋಡೆಯ ಮೇಲೆ ಪತ್ರಿಕೆ ಅಂಟಿಸಿ ಅಳತೆ ನೋಡಿಕೊಳ್ಳಿ.

3. ಹೆಸರಿಗೆ ಮರುಳಾಗಬೇಡಿ. ಅಂಗಡಿಯಲ್ಲಿ ಎಲ್‌ಇಡಿ ಟಿವಿ ಎನ್ನುವುದು ಎಲ್‌ಸಿಡಿ ಪರದೆಯೇ, ಹಿಂದಿನ ದೀಪ ಮಾತ್ರ ಎಲ್‌ಇಡಿ. ಕ್ಯೂಎಲ್‌ಇಡಿಯೂ ಅದೇ ಜಾತಿ, ಬಣ್ಣ ಚೆನ್ನಾಗಿ ಬರಲು ಒಂದು ಪದರ ಹೆಚ್ಚಿಗೆ ಇರುತ್ತದೆ. ಒಎಲ್‌ಇಡಿಯಲ್ಲಿ ಪ್ರತಿ ಚುಕ್ಕೆ ತಾನೇ ಬೆಳಗಿ ತಾನೇ ಆರುತ್ತದೆ, ಆದ್ದರಿಂದ ಕತ್ತಲ ದೃಶ್ಯದಲ್ಲಿ ಕಪ್ಪು ನಿಜವಾಗಿ ಕಪ್ಪಾಗಿ ಕಾಣುತ್ತದೆ. ಬಿಸಿಲು ಬೀಳುವ ಹಾಲ್‌ಗಾದರೆ ಹೆಚ್ಚು ಬೆಳಕು ಕೊಡುವ ಎಲ್‌ಸಿಡಿ ಅನುಕೂಲವಾಗಬಹುದು.

4. ಒಂದೇ ದೃಶ್ಯ ಹಾಕಿಸಿ. ಅಂಗಡಿಯ ಡೆಮೊ ವಿಡಿಯೋದ ಹೂವು, ಗಿಳಿ ಎಲ್ಲ ಟಿವಿಯಲ್ಲೂ ಚಂದವೇ. ಎರಡೂ ಟಿವಿಯಲ್ಲಿ ನೀವು ದಿನಾ ನೋಡುವಂಥ ಧಾರಾವಾಹಿ ಅಥವಾ ಕ್ರಿಕೆಟ್ ಹಾಕಿಸಿ. ಹೆಚ್ಚು ಹೊಳಪಿನ ವಿವಿಡ್ ಮೋಡ್ ತೆಗೆಸಿ, ಸಿನಿಮಾ ಮೋಡ್‌ನಲ್ಲಿ ನೋಡಿ. ಓಡುವ ಚೆಂಡು ಮಸುಕಾಗುತ್ತದೆಯೇ? ಪಕ್ಕದಿಂದ ನೋಡಿದರೆ ಬಣ್ಣ ಬಿಳಚುತ್ತದೆಯೇ?

5. ಹರ್ಟ್ಸ್ ಯಾವುದು ಎಂದು ಕೇಳಿ. ಪರದೆಯ ನಿಜವಾದ ರಿಫ್ರೆಶ್ ದರ ಬೇರೆ, ಜಾಹೀರಾತಿನ ಮೋಷನ್ ಅಂಕಿ ಬೇರೆ. ಕಾಂಟ್ರಾಸ್ಟ್ ಅಂಕಿಯನ್ನೂ ಎಲ್ಲ ಕಂಪನಿಗಳು ಒಂದೇ ರೀತಿ ಅಳೆಯುವುದಿಲ್ಲ, ಹಾಗಾಗಿ ಕಂಪನಿ ಕಂಪನಿಯ ನಡುವೆ ಅದನ್ನು ಹೋಲಿಸಿ ಪ್ರಯೋಜನವಿಲ್ಲ.

ಒಟ್ಟಿನಲ್ಲಿ

ದೊಡ್ಡ ಅಂಕಿಯ ಟಿವಿಯೇ ಒಳ್ಳೆಯದು ಎಂಬುದು ಅರ್ಧ ಸತ್ಯ. 1936ರಲ್ಲಿ ಗೆದ್ದ ವ್ಯವಸ್ಥೆಯ ಅಂಕಿ ದೊಡ್ಡದಿತ್ತು, ನಿಜ. ಜೊತೆಗೆ ಅದರ ಚಿತ್ರ ಕಡಿಮೆ ಮಿಣುಕುತ್ತಿತ್ತು, ಕ್ಯಾಮೆರಾ ಓಡಾಡುತ್ತಿತ್ತು, ದೃಶ್ಯ ಆಯಾ ಕ್ಷಣಕ್ಕೇ ತಲುಪುತ್ತಿತ್ತು. ಇವೆಲ್ಲ ತಿಳಿದದ್ದು ಎರಡನ್ನೂ ಹಾಕಿ ನೋಡಿದ ಮೇಲೆ.

ಮುಂದಿನ ಸಲ ಯಾರಾದರೂ ದೊಡ್ಡ ಅಂಕಿಯ ಫಾರ್ವರ್ಡ್ ಕಳಿಸಿದರೆ, ಸೋಫಾದಿಂದ ಗೋಡೆಗೆ ಎಷ್ಟು ಅಡಿ ಎಂದು ಮೊದಲು ಕೇಳಿ. ಟಿವಿ ಕೊಳ್ಳುವ ಯೋಚನೆಯಲ್ಲಿರುವ ನಿಮ್ಮ ಬಂಧುಗಳಿಗೂ ಇದನ್ನು ಕಳಿಸಿ.